ಗೋಡೆಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬಿಡಿಸಿ ನೆಡುವ ಬಗೆ

ಹಾಸನದ ಹಳೇ ಓಣಿಗಳಿಂದ ಹಿಡಿದು ಮೂಡಿಗೆರೆಯ ತೋಟದ ಲೈನ್ ಮನೆಗಳವರೆಗೆ, ಗೋಡೆ ಬಿರುಕಿನಲ್ಲಿ ಅರಳಿ, ಆಲ, ಅತ್ತಿ, ಬಸರಿ ಸಸಿ ಕಾಣದ ಊರಿಲ್ಲ. ಪಿಕಳಾರ, ಕುಟ್ರುಹಕ್ಕಿ, ಗೊರವಂಕಗಳು ಹಣ್ಣು ತಿಂದು ಗೋಡೆ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಸಾಸಿವೆಗಿಂತ ಸಣ್ಣ ಆ ಬೀಜಕ್ಕೆ ಗಾರೆಯೊಳಗಿನ ತೇವವೇ ಸಾಕು. ಅರಳಿ ಕಡಿದರೆ ಪಾಪವೆಂದು ಮನೆಯವರು ಸುಮ್ಮನಿರುತ್ತಾರೆ. ವರ್ಷ ಕಳೆದಂತೆ ಬೇರು ದಪ್ಪವಾಗಿ ಗೋಡೆ ಬಾಯಿಬಿಡುತ್ತದೆ. "ಅಕ್ಕಾ, ನಿಮ್ಮ ಗೋಡೇಲಿ ಅರಳಿ ಹುಟ್ಟಿದೆ, ಬಿಡಿಸ್ಕೊಂಡು ಹೋಗಿ ಬೇರೆ ಕಡೆ ನೆಡ್ಲಾ?" ಅಂತ ಕೇಳಿ ನೋಡಿ, ಬೇಡ ಅನ್ನುವವರು ಕಡಿಮೆ.

ಕೆಲಸಕ್ಕೆ ಜೂನ್, ಜುಲೈ ಸರಿಯಾದ ಕಾಲ. ಗೋಡೆ ನಾಲ್ಕು ದಿನ ನೆನೆದಿರಬೇಕು. ಪೆನ್ಸಿಲ್ ದಪ್ಪದ, ಒಂದಡಿಯೊಳಗಿನ ಸಸಿಯನ್ನೇ ಆರಿಸಿ. ಹೆಬ್ಬೆರಳು ದಪ್ಪವಾಗಿ ಒಳಗೆ ಇಳಿದಿದ್ದರೆ ಕೈ ಹಾಕಬೇಡಿ, ಅದು ಗಾರೆ ಕೆಲಸದವರ ಪಾಲು.

ಹಿಂದಿನ ರಾತ್ರಿ ಒದ್ದೆ ಗೋಣಿಚೀಲವನ್ನು ಬಿರುಕಿಗೆ ಒತ್ತಿ ಕಟ್ಟಿಡಿ. ಬೆಳಿಗ್ಗೆ ಸಣ್ಣ ಉಳಿ ಅಥವಾ ಹಳೇ ಸ್ಕ್ರೂಡ್ರೈವರಿನಿಂದ ಬೇರಿನ ಸುತ್ತ ಅರ್ಧ ಇಂಚಿನಷ್ಟು ಗಾರೆ ಕೆರೆದು ತೆಗೆಯಿರಿ. ಸುಣ್ಣದ ಗಾರೆ ಪುಡಿಪುಡಿಯಾಗಿ ಉದುರುತ್ತದೆ, ಸಿಮೆಂಟಾದರೆ ತಾಳ್ಮೆ ಬೇಕು. ಬೇರು ಕನಿಷ್ಠ ಮೂರ್ನಾಲ್ಕು ಇಂಚು ಕಂಡ ಮೇಲೆ ಬುಡ ಹಿಡಿದು, ಬಿರುಕು ಹೋದ ದಿಕ್ಕಿಗೇ ಮೆಲ್ಲಗೆ ಎಳೆಯಿರಿ. ಎಲ್ಲರೂ ಎಡವುವುದು ಇಲ್ಲೇ: ಕಾಂಡ ಹಿಡಿದು ಜಗ್ಗಿದರೆ ಸಸಿ ಕುತ್ತಿಗೆಯಲ್ಲಿ ಮುರಿಯುತ್ತದೆ, ಒಳಗೆ ಉಳಿದ ಬೇರು ಮತ್ತೆ ಚಿಗುರುತ್ತದೆ. ಹಾಗೆ ಮುರಿದರೂ ಎಸೆಯಬೇಡಿ. ಕಾಂಡವನ್ನು ನೆರಳಲ್ಲಿಟ್ಟು ಹಾಲು ಸೋರುವುದು ನಿಂತ ಮೇಲೆ ಕಡ್ಡಿಯಾಗಿ ಊರಿದರೆ ಆಲವಂತೂ ಸಾಮಾನ್ಯವಾಗಿ ಬೇರುಬಿಡುತ್ತದೆ.

ಬಿಡಿಸಿದ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಲೆಗಳನ್ನು ಅರ್ಧರ್ಧ ಕತ್ತರಿಸಿ. ಅಷ್ಟೆಲ್ಲ ಎಲೆಗೆ ನೀರೊದಗಿಸುವ ಶಕ್ತಿ ಆ ತುಂಡು ಬೇರಿಗಿಲ್ಲ. ಎರಡು ಬುಟ್ಟಿ ಕೆಂಪುಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿಯ ಕಾವಿಗೆ ಬೇರು ಬೆಂದುಹೋಗುತ್ತದೆ. ಚೀಲಕ್ಕೆ ದುಡ್ಡು ಹಾಕಬೇಕಿಲ್ಲ, ಒಂದು ಲೀಟರ್ ಹಾಲಿನ ಕವರಿಗೆ ತಳದಲ್ಲಿ ಎಂಟು ಹತ್ತು ತೂತು ಮಾಡಿದರೆ ಶುರುವಿಗೆ ಆಯಿತು. ಮೂರು ವಾರ ತೆಂಗಿನ ಗರಿಯ ನೆರಳು ಬೇಕು. ಸಕಲೇಶಪುರ, ಶೃಂಗೇರಿ ಕಡೆ ನೀರು ಹಾಕುವುದಕ್ಕಿಂತ ನಿಂತ ನೀರು ತಪ್ಪಿಸುವುದೇ ದೊಡ್ಡ ಕೆಲಸ; ಕವರನ್ನು ಇಟ್ಟಿಗೆ ಮೇಲಿಡಿ. ಹೊಸ ಚಿಗುರು ಕಂಡ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ, ಕಾಂಡದಲ್ಲಿ ಉಳಿದ ಸತ್ವದಲ್ಲೇ ಅದು ಚಿಗುರಿರಬಹುದು. ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲೇ ಬಿಸಿಲಿಗೆ, ಆಮೇಲೆ ದೊಡ್ಡ ಚೀಲಕ್ಕೆ. ಮುಂದಿನ ಮುಂಗಾರಿಗೆ ಮೂರಡಿ ಆಗಿದ್ದರೆ ನೆಡಬಹುದು.

ಗೋಡೆಯನ್ನು ಹಾಗೇ ಬಿಟ್ಟು ಬರುವುದು ಮರ್ಯಾದೆಯಲ್ಲ. ಸುಣ್ಣದ ಗೋಡೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ತುಂಬಿ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ. ಆಸಿಡ್ ಸುರಿಯುವ ಸಲಹೆ ಕೊಡುವವರನ್ನು ದೂರ ಇಡಿ. ಊರ ದೇವಸ್ಥಾನವಾದರೆ ಸಮಿತಿಯವರನ್ನು ಕೇಳಿ. ಬೇಲೂರು, ಹಳೇಬೀಡಿನಂಥ ಸಂರಕ್ಷಿತ ಗುಡಿಗಳಲ್ಲಿ (ಇವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ) ಎಲೆಯನ್ನೂ ಮುಟ್ಟದೆ ಪುರಾತತ್ವ ಇಲಾಖೆಯ ಸಿಬ್ಬಂದಿಗೆ ತೋರಿಸಿ.

ನೆಡಲು ಪಂಚಾಯಿತಿಯವರನ್ನು ಕೇಳಿ ಗುಂಡುತೋಪು ಆರಿಸಿಕೊಳ್ಳುವುದು ಒಳ್ಳೆಯದು. ಮನೆ, ಬಾವಿಯಿಂದ ಐವತ್ತು ಅಡಿ ದೂರವಿರಲಿ, ಮೇಲೆ ಕರೆಂಟ್ ತಂತಿ ಇರಬಾರದು. ಕೆರೆ ಏರಿ ಮೇಲಂತೂ ಬೇಡವೇ ಬೇಡ, ಬೇರಿನ ಸಂದಿಯಲ್ಲಿ ನೀರು ಜಿನುಗುತ್ತದೆ. ಕಾಫಿ ತೋಟದ ನೆರಳಿಗಾದರೆ ಅತ್ತಿ, ಬಸರಿ ಕೊಡಿ. ಎರಡಡಿ ಗುಂಡಿ ಸಾಕು. ಅರಸೀಕೆರೆ, ಕಡೂರಿನಲ್ಲಿ ಎರಡು ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಬಿಂದಿಗೆ ನೀರು ಬೇಕು. ಆಡಿಗೆ ಆಲ, ಅತ್ತಿಯ ಸೊಪ್ಪೆಂದರೆ ಪ್ರಾಣ. ಆಳುದ್ದ ಬೆಳೆದು ತಲೆ ಎತ್ತುವವರೆಗೆ ಸುತ್ತ ಜಾಲಿ ಮುಳ್ಳು ಕಟ್ಟಿ. ಸಾಲುಮರದ ತಿಮ್ಮಕ್ಕ ಹುಲಿಕಲ್ ರಸ್ತೆಯ ಆಲಗಳನ್ನು ಉಳಿಸಿಕೊಂಡದ್ದೂ ನೀರು ಹೊತ್ತು, ಮುಳ್ಳು ಕಟ್ಟಿಯೇ.

ಮಿಕ್ಕ ಸಸಿಗಳನ್ನು ಸಮಾರಂಭದಲ್ಲಿ ಹಂಚುವುದು ನಮಗೆ ಒಪ್ಪಿಗೆಯಿಲ್ಲ. ಅರ್ಧ ಗಿಡ ಬೈಕಿನ ಕೊಕ್ಕೆಯಲ್ಲೇ ಬಾಡುತ್ತವೆ. ದಿನಾ ಆ ಜಾಗ ದಾಟುವವರಿಗೆ ಒಂದೊಂದೇ ಕೊಡಿ. ಹಾಲಿನ ಡೇರಿ ಹತ್ತಿರ ತೋಪಿದ್ದರೆ ಇನ್ನೂ ಅನುಕೂಲ: ಬೆಳಿಗ್ಗೆ ಸಂಜೆ ಜನ ಬಂದೇ ಬರುತ್ತಾರೆ, ಒಣಗಿದ ಗಿಡ ಯಾರ ಕಣ್ಣಿಗಾದರೂ ಬೀಳುತ್ತದೆ. ನೆಡುವ ದಿನ ಗೋಡೆಯ ಮನೆಯವರನ್ನೂ ಕರೆದು ಮಣ್ಣು ಅವರ ಕೈಲೇ ಹಾಕಿಸಿ. ತಮ್ಮ ಮನೆಯ ಗಿಡ ಅಂತ ಅವರು ನಾಲ್ಕು ಜನಕ್ಕೆ ತೋರಿಸುತ್ತಾರೆ, ಆ ನಾಲ್ವರಲ್ಲಿ ಒಬ್ಬರ ಸಜ್ಜದ ಮೇಲೂ ಸಸಿ ಇರುತ್ತದೆ. ಅವರು ಕರೆದಾಗ ಉಳಿ, ಗೋಣಿಚೀಲ ಕೊಟ್ಟು ಪಕ್ಕದಲ್ಲಿ ನಿಲ್ಲಿ. ಬಿಡಿಸುವುದನ್ನು ಈ ಸಲ ಅವರೇ ಮಾಡಲಿ.