ಏಳು ಲಾಗಿನ್, ಒಂದು ಗಿಟ್ ರೆಪೊ: ಪರ್ಮಿಷನ್ ಕಾಟ ನಿಂತದ್ದು ಹೀಗೆ

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ರೆಪೊ (ಕೋಡಿನ ಗೋದಾಮು) ಒಂದನ್ನು ನಮ್ಮದೇ ಯಂತ್ರದಲ್ಲಿಟ್ಟು ಏಳು ಜನ ಹಂಚಿಕೊಳ್ಳಬೇಕಿತ್ತು. ‘ಗಿಟ್ ಅಂತ ಒಂದೇ ಯೂಸರ್ ಮಾಡಿ, ಎಲ್ಲರ ಲಾಗಿನ್ ಕೀ ಅದಕ್ಕೇ ಹಾಕಿ, ಬೇರೆ ದಾರಿಯಿಲ್ಲ’ ಅಂದವರೇ ಜಾಸ್ತಿ. ಏಳು ಜನಕ್ಕೆ ಏಳು ಲಾಗಿನ್ ಇಟ್ಟುಕೊಂಡೇ ಒಂದೂವರೆ ವರ್ಷವಾಯಿತು, ಓಡುತ್ತಿದೆ. ಖರ್ಚು, ಮೂಲೆಗೆ ಬಿದ್ದಿದ್ದ ಡೆಸ್ಕ್‌ಟಾಪಿಗೆ ಹಾಕಿದ ಎಸ್‌ಎಸ್‌ಡಿ, ಐದು ಸಾವಿರದ ಆಸುಪಾಸು. ತಲೆಗಿಷ್ಟು ಅಂತ ತಿಂಗಳ ಬಾಡಿಗೆ ಇಲ್ಲ.

ಹೆಚ್ಚು ಗೋಳು ಹೊಯ್ದುಕೊಂಡದ್ದು ‘ಇನ್‌ಸಫಿಶಿಯೆಂಟ್ ಪರ್ಮಿಷನ್’, ಅಂದರೆ ಬರೆಯುವ ಹಕ್ಕು ಸಾಲದು ಎಂಬ ಎರರ್. ಬೆಳಿಗ್ಗೆ ಹೋದ ಪುಶ್ (ನಮ್ಮ ಬದಲಾವಣೆಯನ್ನು ರೆಪೊಗೆ ಕಳಿಸುವುದು) ಮಧ್ಯಾಹ್ನ ಹೋಗದು. ಗಿಟ್ ಎಲ್ಲವನ್ನೂ ಆಬ್ಜೆಕ್ಟ್ ಎಂಬ ತುಣುಕುಗಳಾಗಿ ಇಡುವ ಆಬ್ಜೆಕ್ಟ್ಸ್ ಫೋಲ್ಡರಿನ ಒಳಗೆ 00ಯಿಂದ ಎಫ್‌ಎಫ್‌ವರೆಗೆ 256 ಫೋಲ್ಡರ್‌ಗಳಿಗೆ ಜಾಗ, ಬೇಕಾದಾಗಷ್ಟೇ ಹುಟ್ಟುತ್ತವೆ. ಯಾರ ಪುಶ್‌ಗೆ ಹುಟ್ಟಿತೋ ಅವರದೇ ಒಡೆತನ. ಯುಮಾಸ್ಕ್ (ಹೊಸ ಫೈಲು, ಫೋಲ್ಡರಿನ ಹಕ್ಕು ಕತ್ತರಿಸುವ ಸೆಟ್ಟಿಂಗ್) 022 ಇದ್ದರೆ ಗ್ರೂಪಿಗೆ, ಅಂದರೆ ಯೂಸರ್‌ಗಳ ಗುಂಪಿಗೆ, ಬರೆಯುವ ಹಕ್ಕಿಲ್ಲ. ನಿಮ್ಮ ಆಬ್ಜೆಕ್ಟಿನ ಹ್ಯಾಶ್ (ಗಿಟ್ ಕೊಡುವ ಗುರುತು; ಅದರ ಮೊದಲೆರಡು ಅಕ್ಷರವೇ ಫೋಲ್ಡರಿನ ಹೆಸರು) ಅಂಥದ್ದರೊಳಗೆ ಬಿದ್ದರಷ್ಟೇ ಎಡವಟ್ಟು. ತಮಾಷೆಯೆಂದರೆ, 100 ಆಬ್ಜೆಕ್ಟ್ ಮುಟ್ಟಿದ ಪುಶ್ ಬಿಡಿಬಿಡಿಯಾಗದೆ ಒಂದೇ ಪ್ಯಾಕ್ ಫೈಲ್ ಆಗಿಯೇ ಉಳಿಯುವುದರಿಂದ ದೊಡ್ಡದು ಸಲೀಸು, ಒಂದು ಸಾಲಿನ ತಿದ್ದುಪಡಿಗೆ ತಕರಾರು! ಎಲ್ಲರಿಗೂ ಎಲ್ಲ ಹಕ್ಕು ಕೊಡುವ 777 ಹೊಡೆದರೆ ಅವತ್ತಿಗೆ ಸರಿ; ನಾಳೆ ಹುಟ್ಟುವ ಫೋಲ್ಡರಿಗೆ ಅದು ತಾಕುವುದಿಲ್ಲ.

ಕೈಹಿಡಿದದ್ದು ಇದು. ರೆಪೊ ಪೂರ್ತಿ ಒಂದೇ ಗ್ರೂಪಿಗೆ. ಫೈಂಡ್ ಕಮಾಂಡ್‌ನಲ್ಲಿ ಫೋಲ್ಡರ್ ಮಾತ್ರ ಹೆಕ್ಕಿ 2770 ಹಕ್ಕು; ಮೊದಲಲ್ಲಿರುವ ಆ 2 ಸೆಟ್‌ಜಿಐಡಿ, ಹೊಸದೆಲ್ಲ ಅದೇ ಗ್ರೂಪಿಗೆ ಹೋಗುತ್ತದೆ. ರೆಪೊದ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಕೋರ್ ಶೇರ್ಡ್‌ರೆಪೊಸಿಟರಿ, ಅದರ ಮೌಲ್ಯ ಗ್ರೂಪ್. ಇದು ಯುಮಾಸ್ಕ್‌ನ ಮಾತು ಕೇಳುವುದಿಲ್ಲ. ಆದರೆ ಹಳೆಯದನ್ನು ತಿದ್ದುವುದೂ ಇಲ್ಲ, ಅದಕ್ಕೇ ಫೈಂಡ್. ಆಬ್ಜೆಕ್ಟ್ ಫೈಲ್‌ಗಳು ಓದಲಷ್ಟೇ ಇರುತ್ತವೆ, ಹಾಗೇ ಬಿಡಿ. ಬೇಕಿರುವುದು ಫೋಲ್ಡರಿನ ಹಕ್ಕು. ಬೇರೆ ಕಡೆಯಿಂದ ಎಂವಿ (ಜಾಗ ಬದಲಿಸುವ ಕಮಾಂಡ್) ಮಾಡಿ ತಂದ ರೆಪೊ ಹಳೇ ಗ್ರೂಪನ್ನೇ ಹೊತ್ತು ಬರುತ್ತದೆ.

ಯೂಸರನ್ನು ಗ್ರೂಪಿಗೆ ಸೇರಿಸುವ ಯೂಸರ್‌ಮಾಡ್ ಕಮಾಂಡ್‌ನಲ್ಲಿ ದೊಡ್ಡ ಜಿ ಜೊತೆ ಸಣ್ಣ ಎ ಮರೆತರೆ ಉಳಿದ ಗ್ರೂಪುಗಳು, ಅಡ್ಮಿನ್ ಹಕ್ಕಿನ ಸುಡೊ ಸಮೇತ, ಮಾಯ. ಸೇರಿಸಿದ ಮೇಲೂ ಹೊಸ ಲಾಗಿನ್ ಬೇಕು. ದೂರದಿಂದ ಲಾಗಿನ್ ಆಗಿಸುವ ಎಸ್‌ಎಸ್‌ಎಚ್ ಹಳೇ ಕನೆಕ್ಷನ್ ಜೀವಂತ ಇಟ್ಟುಕೊಂಡಿದ್ದರೆ ಐಡಿ ಕಮಾಂಡ್ ಗ್ರೂಪುಗಳ ಹಳೇ ಪಟ್ಟಿಯನ್ನೇ ತೋರಿಸುತ್ತದೆ. ಅರ್ಧ ದಿನ ತಿಂದದ್ದು ಇದೊಂದೇ.

ನಡುವೆ ಎಸಿಎಲ್ (ಯಾರಿಗೆ ಯಾವ ಹಕ್ಕು ಅನ್ನುವ ಬೇರೆ ಪಟ್ಟಿ) ಕೂಡ ಹಾಕಿ ನೋಡಿದ್ದಾಯಿತು. ಚೆನ್ನಾಗಿಯೇ ಇತ್ತು. ಟಾರ್ ಬ್ಯಾಕಪ್‌ನಿಂದ ರೆಪೊ ವಾಪಸ್ ತಂದಾಗ ಎಸಿಎಲ್ ಬರಲಿಲ್ಲ. ಟಾರ್‌ಗೆ ಅದನ್ನು ಬೇರೆಯಾಗಿ ಹೇಳಬೇಕು. ಕೈಬಿಟ್ಟೆ.

2022ರ ಏಪ್ರಿಲ್‌ನ ಗಿಟ್ 2.35.2 ಆವೃತ್ತಿಯಿಂದ ಬೇರೆಯವರ ಒಡೆತನದ ರೆಪೊ ಕಂಡರೆ ಗಿಟ್ ತಡೆಯುತ್ತದೆ. ಈ ರೆಪೊವನ್ನು ನಂಬು ಎನ್ನುವ ಸೇಫ್ ಡೈರೆಕ್ಟರಿ ಸಾಲನ್ನು ಇಡೀ ಯಂತ್ರಕ್ಕೆ ಅನ್ವಯಿಸುವ, ಇಟಿಸಿ ಫೋಲ್ಡರಿನ ಗಿಟ್‌ಕಾನ್ಫಿಗ್‌ಗೆ ಹಾಕಿ. ರೆಪೊದ ಕಾನ್ಫಿಗ್‌ನಲ್ಲಿ ಬರೆದರೆ ಲೆಕ್ಕಕ್ಕಿಲ್ಲ. ಪುಶ್ ನಿಲ್ಲಿಸದೆ ಹಳೇ ರೆಪೊ ಬದಲಿಸುವ ಸ್ಕ್ರಿಪ್ಟ್ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.