ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲು ದಾರಿ ಬೇಕು

ನಮ್ಮ ಸ್ನಾನದ ಮನೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಾಗ ಇದ್ದ ಫ್ಯಾನ್ ಸಾಲದೇನೋ ಅಂದುಕೊಂಡು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಸದ್ದು ಜಾಸ್ತಿಯಾಯಿತು, ಬೂಷ್ಟು ಹೋಗಲಿಲ್ಲ. ಉಜ್ಜಿ ತೆಗೆದರೂ ತಿಂಗಳೊಳಗೆ ಮತ್ತೆ ಬಂತು. ಒಂದು ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಟಿಶ್ಯೂ ಕಾಗದದ ಚೂರೊಂದನ್ನು ಫ್ಯಾನಿನ ಜಾಲರಿಗೆ ಹಿಡಿದೆ. ಕಾಗದ ನಿಲ್ಲಲಿಲ್ಲ, ಕೆಳಗೆ ಬಿತ್ತು. ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು ಮತ್ತೆ ಹಿಡಿದೆ. ಈ ಸಲ ಗಟ್ಟಿಯಾಗಿ ಅಂಟಿಕೊಂಡಿತು. ಬಾಗಿಲ ಕೆಳಗೆ ಸಂದೇ ಇರಲಿಲ್ಲ. ಒಳಗೆ ಗಾಳಿಯೇ ಬರದಿದ್ದರೆ ಫ್ಯಾನ್ ಹೊರಗೆ ತಳ್ಳುವುದಾದರೂ ಏನನ್ನು? ಬಡಗಿಯನ್ನು ಕರೆಸಿ ಬಾಗಿಲಿನ ಕೆಳಗಿನ ಅಂಚನ್ನು ಮುಕ್ಕಾಲು ಇಂಚು ಕೊಯ್ಯಿಸಿದೆ. ಸ್ನಾನ ಆದ ಮೇಲೂ 20 ನಿಮಿಷ ಫ್ಯಾನ್ ಓಡಲು ಬಿಡುವ ರೂಢಿ ಮಾಡಿಕೊಂಡೆವು. ಗೋಡೆ ಒಣಗಿತು.

ಅಂದಿನಿಂದ ಯಾರೇ ಫ್ಯಾನ್ ಕೊಳ್ಳುವ ಮಾತೆತ್ತಿದರೂ ನಾನು ಮೊದಲು ಕೇಳುವುದು, ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ. ಅಳತೆಯ ಮಾತು ಆಮೇಲೆ.

ಅಳತೆಯ ಲೆಕ್ಕ ಕಷ್ಟವೇನಲ್ಲ. ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ ಇದೆ ಅಂದುಕೊಳ್ಳಿ. ಅಲ್ಲಿಗೆ 800 ಘನ ಅಡಿ. ಒಲೆ ಉರಿಯುವಾಗ ಗಂಟೆಗೆ 15 ಸಲ ಗಾಳಿ ಬದಲಾಗಬೇಕು ಅಂತಾದರೆ 12,000 ಘನ ಅಡಿ. ಅದನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ 200. ಡಬ್ಬಿಯ ಮೇಲೆ ಸಿಎಫ್‌ಎಂ ಅಂತ ಬರೆದಿರುವುದು ಇದನ್ನೇ. ಗಂಟೆಗೆ ಇಷ್ಟು ಘನ ಮೀಟರ್ ಅಂತಿದ್ದರೆ ಆ ಸಂಖ್ಯೆಯನ್ನು 1.7ರಿಂದ ಭಾಗಿಸಿ. ಗಾಳಿಯನ್ನು ಹೊರಗೆ ಒಯ್ಯುವ ಪೈಪ್ ಉದ್ದವಾದಷ್ಟೂ, ತಿರುವು ಹೆಚ್ಚಿದಷ್ಟೂ ಫ್ಯಾನಿನ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಹಾಗಾಗಿ ಸ್ವಲ್ಪ ದೊಡ್ಡದನ್ನೇ ತೆಗೆದುಕೊಳ್ಳಿ. ಸುಕ್ಕು ಸುಕ್ಕಾದ ಬಗ್ಗುವ ಪೈಪಿಗಿಂತ ಒಳಗೆ ನುಣುಪಾಗಿರುವ ಗಟ್ಟಿ ಪೈಪ್ ಮೇಲು.

ಪೈಪೇ ಇಲ್ಲದ ಚಿಮಣಿಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಅದರೊಳಗಿನ ಇದ್ದಿಲು ವಾಸನೆಯನ್ನು ಒಂದಿಷ್ಟು ಹೀರಿಕೊಳ್ಳುತ್ತದೆ, ನಿಜ. ಆದರೆ ಹಬೆ, ಗ್ಯಾಸ್ ಉರಿಯಿಂದ ಬರುವ ಕೆಟ್ಟ ಅನಿಲ ಎಲ್ಲ ಮನೆಯೊಳಗೇ ಸುತ್ತುತ್ತಿರುತ್ತವೆ. ಗೋಡೆ ಕೊರೆಯಲು ಸಾಧ್ಯವಿದ್ದರೆ ಕೊರೆಸಿ, ಹೊರಗೆ ಬಿಡುವ ಚಿಮಣಿಯನ್ನೇ ಹಾಕಿಸಿ.

ಇನ್ನೊಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ಯಾಸ್ ಗೀಸರ್ ಸ್ನಾನದ ಮನೆಯ ಒಳಗೆ ಬೇಡ. ಮುಚ್ಚಿದ ಜಾಗದಲ್ಲಿ ಉರಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿದ್ದು ಗೊತ್ತಾಗುವ ಹೊತ್ತಿಗೆ ಏಳಲು ಕಾಲಲ್ಲಿ ಬಲವೇ ಇರುವುದಿಲ್ಲ. ಎಲ್ಲ ಕಿಟಕಿ ಮುಚ್ಚಿ ದೊಡ್ಡ ಎಕ್ಸಾಸ್ಟ್ ಹಾಕಿದರೂ ಅಪಾಯವಿದೆ. ಫ್ಯಾನ್ ಗಾಳಿಗಾಗಿ ಎಳೆದಾಡಿ, ಗೀಸರ್ ಕೊಳವೆಯಿಂದ ಹೊರಹೋಗಬೇಕಾದ ಹೊಗೆಯನ್ನೇ ಒಳಗೆ ಸೆಳೆಯಬಹುದು. ಉರಿಯುವ ಯಾವ ಉಪಕರಣ ಮನೆಯಲ್ಲಿದ್ದರೂ ಈ ಅನಿಲ ಕಂಡೊಡನೆ ಕೂಗುವ ಅಲಾರಂ ಇರಲಿ.

ಮಲಗುವ ಕೋಣೆಯ ವಿಷಯ ಬೇರೆ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಇಲ್ಲ, ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ ಅಷ್ಟೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 10 ಲಕ್ಷ ಭಾಗಕ್ಕೆ 420ರ ಆಸುಪಾಸು. ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಅದು 1,000 ದಾಟಲು ಹೆಚ್ಚು ಹೊತ್ತು ಬೇಡ. ಬೆಳಗ್ಗೆ ಎದ್ದಾಗ ತಲೆ ಭಾರ, ಕೋಣೆಯಲ್ಲಿ ಮುಗ್ಗಲು ವಾಸನೆ, ಗೊತ್ತಲ್ವಾ? ಏರ್ ಪ್ಯೂರಿಫೈಯರ್ ಕೂಡ ಇದಕ್ಕೆ ಮದ್ದಲ್ಲ. ಅದು ಧೂಳು ಹಿಡಿಯುತ್ತದೆ, ಉಸಿರಿನ ಅನಿಲವನ್ನಲ್ಲ. ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಿ, ಸಾಧ್ಯವಾದರೆ ಎದುರು ಬದಿಯಲ್ಲೂ ಒಂದು ಕಿಂಡಿ ಇರಲಿ. ಹೊರಗೆ ಹೊಗೆ, ಧೂಳು ಜಾಸ್ತಿ ಇರುವ ಹೊತ್ತು ಮಾತ್ರ ಮುಚ್ಚಿ. ತೇವ ಅಳೆಯುವ ಚಿಕ್ಕ ಮೀಟರ್ ಒಂದು ಮನೆಯಲ್ಲಿದ್ದರೆ ಒಳ್ಳೆಯದು. ಶೇಕಡಾ 60 ದಾಟದಂತೆ ನೋಡಿಕೊಂಡರೆ ಬೂಷ್ಟಿನ ಕಾಟ ಬಹಳ ಕಡಿಮೆ.

ಇನ್ನು ಶುಚಿ ಮಾಡುವುದು. ಚಿಮಣಿಯ ಜಾಲರಿಯನ್ನು ತಿಂಗಳಿಗೊಮ್ಮೆ ಬಿಸಿನೀರು, ಪಾತ್ರೆ ಸೋಪಿನಲ್ಲಿ ನೆನೆಹಾಕಿ ತೊಳೆಯಿರಿ. ಫ್ಯಾನಿಗೆ ಕೈ ಹಾಕುವ ಮೊದಲು ಮೇನ್ ಆಫ್ ಮಾಡಿ, ಬರೀ ಸ್ವಿಚ್ ನಂಬಬೇಡಿ. ರೆಕ್ಕೆ ಒರೆಸಿ ಸುಮ್ನೆ ಕೂರುವವರೇ ಹೆಚ್ಚು. ಹೊರಗಡೆಯ ಮುಚ್ಚಳದ ಪಟ್ಟಿಗಳನ್ನೂ ಬೆರಳಿನಿಂದ ಎತ್ತಿ ನೋಡಬೇಕು. ಜಿಡ್ಡು ಹಿಡಿದು ಅವು ಒಂದಕ್ಕೊಂದು ಅಂಟಿಕೊಂಡಿದ್ದರೆ ಫ್ಯಾನ್ ಓಡುತ್ತಲೇ ಇರುತ್ತದೆ, ಗಾಳಿ ಹೋಗುವುದಿಲ್ಲ. ನಮ್ಮಲ್ಲಿ ಕೀಟ ಬರದಿರಲೆಂದು ಹೊರಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದರು. ಏಣಿ ಹಾಕಿ ನೋಡಿದರೆ ಅದರ ಮೇಲೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಒಂದೇ ತುಂಡಾಗಿ ಕಿತ್ತುಬಂತು. ಆ ಬಲೆ ತೆಗೆಸಿ ಕಣ್ಣು ದೊಡ್ಡದಿರುವುದನ್ನು ಹಾಕಿಸಿದ್ದೇನೆ. ಮೂರು ತಿಂಗಳಿಗೊಮ್ಮೆ ಹಳೆಯ ಬ್ರಷ್ಷಿನಿಂದ ಒಂದು ಸಲ ಗುಡಿಸಿದರೆ ಸಾಕು.