ಹಳ್ಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು

ಮೂಡಿಗೆರೆ ಕಡೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನದಿಯ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಅಂಕುಡೊಂಕು ಗೆರೆ ಎಳೆದು, ಇಲ್ಲಿ ಸವೆತ, ಇಲ್ಲಿ ಸಂಚಯ ಅಂತ ಹೇಳಿ ಮುಗಿಸುತ್ತಿದ್ದೆ. ಹೇಮಾವತಿ ಹುಟ್ಟುವುದೇ ನಮ್ಮ ತಾಲ್ಲೂಕಿನಲ್ಲಿ. ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟು ದಾಟಿ ಕಾವೇರಿ ಸೇರುವ ನೀರು ಅದು. ಅದರ ಪಕ್ಕದಲ್ಲೇ ಬೆಳೆದ ಮಕ್ಕಳಿಗೆ ಸೀಮೆಸುಣ್ಣದ ನದಿ ತೋರಿಸೋದು ಯಾಕೋ ಸರಿ ಕಾಣಲಿಲ್ಲ.

ಆದರೆ ಹೇಮಾವತಿಗೆ ಇಳಿಸುವ ಧೈರ್ಯ ಇರಲಿಲ್ಲ. ಅದಕ್ಕೆ ಸೇರುವ ಒಂದು ಹಳ್ಳವನ್ನು ಆರಿಸಿಕೊಂಡೆ. ಅಗಲ, ಆಳ, ನೀರಿನ ವೇಗ, ಕಲ್ಲು ಎಷ್ಟು ನುಣುಪಾಗಿದೆ, ಇಷ್ಟನ್ನೇ ತಾನೇ ಮಕ್ಕಳು ಅಳೆಯೋದು? ಇವೆಲ್ಲ ಹಳ್ಳದಲ್ಲೇ ಸಿಗುತ್ತವೆ.

ಮೊದಲ ಸಲ ಒಬ್ಬನೇ ನೋಡಿಕೊಂಡು ಬರಲು ಹೋದೆ. ಒಂದು ಬಂಡೆಯ ಪಕ್ಕ ನೀರು ಕನ್ನಡಿಯ ಹಾಗೆ ನಿಂತಿತ್ತು. ಇಲ್ಲೇ ಇಳಿಸಬಹುದು ಅಂದುಕೊಂಡೆ. ಆಚೆ ದಡದಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಕೂಗಿದರು: "ಅದು ಮಡು ಮೇಷ್ಟ್ರೇ, ಎಮ್ಮೆನೇ ಮುಳುಗುತ್ತೆ!" ಬಿದಿರು ಗಳ ತಂದು ಇಳಿಸಿ ನೋಡಿದರೆ ನನ್ನ ತಲೆಗಿಂತ ಮೇಲೆ ನೀರು. ಸದ್ದು ಮಾಡುತ್ತಾ ಕಲ್ಲಿನ ಮೇಲೆ ಹರಿಯುತ್ತಿದ್ದ ಜಾಗದಲ್ಲಿ ಮೊಣಕಾಲೂ ಮುಳುಗಲಿಲ್ಲ. ಮಕ್ಕಳ ಕಣ್ಣಿಗೆ ಇದು ಉಲ್ಟಾ ಕಾಣುತ್ತದೆ. ನನ್ನ ಕಣ್ಣಿಗೂ ಹಾಗೇ ಕಂಡಿತ್ತಲ್ಲ!

ಅಜ್ಜನಿಂದ ಇನ್ನೊಂದು ವಿಷಯ ತಿಳಿಯಿತು. ಮೇಲಿನ ತೋಟದವರು ನೀರು ಹಿಡಿಯಲು ಹಳ್ಳಕ್ಕೆ ಮರಳಿನ ಮೂಟೆ ಅಡ್ಡ ಇಡುತ್ತಾರಂತೆ. ಮೂಟೆ ತೆಗೆದ ದಿನ ಕೆಳಗೆ ಒಮ್ಮೆಲೇ ನೀರು ಏರುತ್ತದೆ. ತೋಟದ ಲೆಕ್ಕಪತ್ರ ನೋಡುವ ರೈಟರ ನಂಬರು ತೆಗೆದುಕೊಂಡು, ನಾವು ಬರುವ ದಿನ ಮೂಟೆ ಮುಟ್ಟಬೇಡಿ ಅಂತ ಹೇಳಿಸಿದೆ.

ಆಮೇಲೆ ಅಪಾಯದ ಪಟ್ಟಿ. ಸಾಧ್ಯತೆಗೆ 1ರಿಂದ 5, ಪರಿಣಾಮಕ್ಕೆ 1ರಿಂದ 5, ಎರಡನ್ನೂ ಗುಣಿಸಿ ಬರೆಯುವ ನಮೂನೆ ಇರುತ್ತದಲ್ಲ, ಅದನ್ನೇ ಇಟ್ಟುಕೊಂಡು ಕೂತೆ. ಇಂಬಳ ಕಚ್ಚೋದು ಗ್ಯಾರಂಟಿ, ಆದರೆ ಏನೂ ಆಗಲ್ಲ: 5 ಗುಣಿಸು 1, ಐದು. ಮಗು ಮುಳುಗೋದು ತೀರಾ ಅಪರೂಪ, ಆದರೆ ಆಗಿಬಿಟ್ಟರೆ ಮುಗಿಯಿತು: 1 ಗುಣಿಸು 5, ಅದೂ ಐದು! ಆ ಲೆಕ್ಕ ನೋಡಿ ಸುಮ್ನೆ ಪೆನ್ನು ಕೆಳಗಿಟ್ಟೆ. ಈಗ ಪರಿಣಾಮದ ಅಂಕಿ ಒಂದನ್ನೇ ಮೊದಲು ನೋಡುತ್ತೇನೆ. ಅದು ಐದಾಗಿದ್ದರೆ ಸಾಧ್ಯತೆ ಎಷ್ಟೇ ಕಡಿಮೆಯಿರಲಿ, ಅದಕ್ಕೊಂದು ಏರ್ಪಾಡು ಆಗಲೇಬೇಕು.

ತಿಂಗಳು ಆರಿಸೋದೂ ಸುಲಭವಲ್ಲ. ಮಳೆಗಾಲದ ಮಾತೇ ಬೇಡ. ಬೇಸಿಗೆ ಹತ್ತಿರ ಬಂದರೆ ಮಂಗನ ಕಾಯಿಲೆಯ ಕಾಲ, ಉಣ್ಣೆ ಹುಳ ಕಚ್ಚಿ ಬರುವಂಥದ್ದು. ಡಿಸೆಂಬರ್ ಮೊದಲ ವಾರ ಅಂತ ಮಾಡಿಕೊಂಡೆ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ದರಗಿನ, ಅಂದರೆ ತರಗೆಲೆಯ ಮೇಲೆ ಯಾರೂ ಕೂರುವಂತಿಲ್ಲ ಅಂತ ಟಾರ್ಪಾಲು ಹೊತ್ತೊಯ್ದೆವು. ಕಾಲಿನಲ್ಲಿ ಗಾಯ ಇದ್ದವರು ದಡದಲ್ಲೇ ಇರಬೇಕು, ಇಲಿ ಜ್ವರದ ಭಯ. ಆನೆ ಎಲ್ಲಿದೆ ಅಂತ ಬೆಳಿಗ್ಗೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಕೇಳಿದ್ದೂ ಆಯಿತು.

ಇಷ್ಟೆಲ್ಲ ಮಾಡಿ ಹೋದ ಮೊದಲ ವರ್ಷ ನೀರಿನೊಳಗೆ ಏನೂ ಆಗಲಿಲ್ಲ. ಅಗಲಕ್ಕೆ ಟೇಪು ಹಿಡಿದರು, ಕೋಲಿನಿಂದ ಆಳ ನೋಡಿದರು. ವೇಗಕ್ಕೆ ಕಿತ್ತಳೆ ಹಣ್ಣು ಬಿಟ್ಟೆವು. ಕಿತ್ತಳೆ ಬಹುಪಾಲು ಮುಳುಗಿ ತೇಲುವುದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. 10 ಮೀಟರಿಗೆ 25 ಸೆಕೆಂಡ್, ಅಂದರೆ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ನೀರು ಜಾಸ್ತಿ ವೇಗದಲ್ಲಿ ಓಡುತ್ತದಾದ್ದರಿಂದ ಸರಾಸರಿ ವೇಗ ಬೇಕಾದರೆ 0.85ರಿಂದ ಗುಣಿಸಬೇಕು ಅಂತ ಹೇಳಿಕೊಟ್ಟೆ. ಎಲ್ಲರೂ ಖುಷಿ, ನಾನೂ ಖುಷಿ.

ಆಮೇಲೆ ಊಟ. ನಾವು ಮೇಷ್ಟ್ರುಗಳೂ ಬುತ್ತಿ ಬಿಚ್ಚಿ ಕೂತೆವು. ನನ್ನ ಬಾಯಲ್ಲಿ ಚಿತ್ರಾನ್ನ. ಹಿಂದಿನಿಂದ "ಸಾರ್, ಚಪ್ಪಲಿ!" ಅಂತ ಒಂದು ಕೂಗು. ಒಬ್ಬ ಹುಡುಗ ಯಾರಿಗೂ ಹೇಳದೆ ಡಬ್ಬಿ ತೊಳೆಯಲು ಹೋಗಿದ್ದಾನೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಒಂದು ಹವಾಯಿ ಚಪ್ಪಲಿ ನೀರಿಗೆ ಬಿದ್ದಿದೆ. ಅದು ಮಡುವಿನ ಕಡೆ ತೇಲುತ್ತಿದೆ, ಇವನು ಅದರ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆ. ಸೊಂಟದವರೆಗೆ ನೀರು ಬಂದಿತ್ತು. ನಾನು ಕೂಗಿದ ಕೂಗಿಗೆ ನಿಂತ. ಬಿದಿರು ಗಳ ಚಾಚಿ ಎಳೆದುಕೊಂಡೆವು. ಅಪ್ಪ ಬೈತಾರೆ ಸಾರ್, ಹೊಸ ಚಪ್ಪಲಿ ಅಂತ ಅತ್ತ. ನನ್ನ ಕೈ ಸಂಜೆಯವರೆಗೂ ನಡುಗುತ್ತಲೇ ಇತ್ತು.

ನನ್ನ ಪಟ್ಟಿಯಲ್ಲಿ ಊಟ ಅನ್ನುವ ಪದವೇ ಇರಲಿಲ್ಲ. ಅಳೆಯುವಾಗ ಎಂಟು ಕಣ್ಣು ಮಕ್ಕಳ ಮೇಲಿದ್ದವು, ಉಣ್ಣುವಾಗ ಒಂದೂ ಇಲ್ಲ.

ಮರುವರ್ಷ ಮೊದಲು ಬದಲಾಯಿಸಿದ್ದು ಅದನ್ನೇ. ಊಟ ಈಗ ನೀರು ಕಾಣದ ಜಾಗದಲ್ಲಿ, ರಸ್ತೆ ಪಕ್ಕದ ದೇವಸ್ಥಾನದ ಜಗಲಿಯಲ್ಲಿ. ಕೈ ತೊಳೆಯಲು ಎರಡು ಕ್ಯಾನ್ ನೀರು ಶಾಲೆಯಿಂದಲೇ ಬರುತ್ತದೆ. ಚಪ್ಪಲಿ ಬಂದ್, ಶಾಲೆಯ ಹಳೇ ಶೂ ಹಾಕಿಕೊಂಡೇ ಇಳಿಯಬೇಕು. ಏನೇ ತೇಲಿ ಹೋದರೂ ಬಿಟ್ಟುಬಿಡಿ, ಶಾಲೆಯಿಂದ ಕೊಡಿಸುತ್ತೇವೆ ಅಂತ ಹಿಂದಿನ ದಿನವೇ ಹೇಳುತ್ತೇನೆ. ಈ ಒಂದು ಮಾತಿಗೆ ಮಕ್ಕಳ ಮುಖದಲ್ಲಿ ಆಗುವ ನಿರಾಳ ನೋಡಬೇಕು.

ಮೂವತ್ನಾಲ್ಕು ಮಕ್ಕಳಿಗೆ ನಾವು ನಾಲ್ವರು, ಜೊತೆಗೆ ಅಜ್ಜ. ಒಂದು ಸಲಕ್ಕೆ ಒಂದೇ ಗುಂಪು ನೀರಿಗೆ. ಉಳಿದವರು ದಡದ ಮೇಲೆ ಕಲ್ಲು ಅಳೆಯುತ್ತಾರೆ, ನಕ್ಷೆ ಬರೆಯುತ್ತಾರೆ. ನೀರು ಎಷ್ಟಿರಬೇಕು ಅನ್ನೋದಕ್ಕೆ ಗುಂಪಿನಲ್ಲಿ ಎಲ್ಲರಿಗಿಂತ ಗಿಡ್ಡ ಇರುವ ಮಗುವಿನ ಮೊಣಕಾಲೇ ಅಳತೆ, ನನ್ನದಲ್ಲ. ಮೊಣಕಾಲಿಗಿಂತ ಕಡಿಮೆ ಇದ್ದರೂ ಸೆಳೆತ ನೋಡಬೇಕು. ವೇಗ ಎರಡು ಪಟ್ಟಾದರೆ ನೀರು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮೊದಲ ಕಿತ್ತಳೆಯನ್ನು ಮಕ್ಕಳು ಇಳಿಯುವ ಮುಂಚೆ ನಾನೇ ಬಿಡುತ್ತೇನೆ.

ನೀರಿನ ಅಂಚಿನಲ್ಲಿ ಗೆರೆ ಹಾಕಿದ ಕೋಲೊಂದನ್ನು ನೆಡುತ್ತೇವೆ. ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡೋದು ಪಿಟಿ ಮೇಷ್ಟ್ರ ಕೆಲಸ. ನೀರು ಎರಡು ಬೆರಳು ಏರಿದರೂ, ಬಣ್ಣ ಕೆಂಪಗಾದರೂ, ತರಗೆಲೆ ಕಸ ಜಾಸ್ತಿ ತೇಲಿ ಬಂದರೂ ಸೀಟಿ. ನಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆ ಗುಡ್ಡದಲ್ಲಿ ಮಳೆ ಸುರಿದಿರಬಹುದು, ಅಲ್ವಾ?

ಹೆತ್ತವರ ಸಭೆಯಲ್ಲಿ ಒಬ್ಬ ತಾಯಿ, "ಸಾರ್, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ" ಅಂದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹುಡುಗಿಯರು ಸಮುದ್ರದ ಪಾಲಾದ ಮೇಲೆ ಹೆತ್ತವರ ಭಯ ಜಾಸ್ತಿಯೇ ಆಗಿದೆ. ಆದರೆ ಹರಿಯುವ ನೀರಲ್ಲಿ ಕಟ್ಟಿದ ಹಗ್ಗವೇ ಶತ್ರು. ಮಗು ಬಿದ್ದರೆ ಹಗ್ಗ ಬಿಗಿಯಾಗುತ್ತದೆ, ಸೆಳೆತ ಮಗುವನ್ನು ಕೆಳಕ್ಕೇ ಒತ್ತುತ್ತದೆ. ನಾವು ಇಟ್ಟುಕೊಳ್ಳೋದು ಎಸೆಯುವ ಹಗ್ಗ. ತುದಿಗೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು. ಶಾಲೆ ಮೈದಾನದಲ್ಲಿ ಎಸೆದು ಅಭ್ಯಾಸ ಮಾಡಿದೆವು. ಮೊದಲ ದಿನ ನನ್ನ ಕ್ಯಾನು ಧ್ವಜಸ್ತಂಭಕ್ಕೆ ಸುತ್ತಿಕೊಂಡು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಹಳ್ಳದ ಹತ್ತಿರ ನೆಟ್‌ವರ್ಕ್ ಸಿಗಲ್ಲ. 108ಕ್ಕೆ ಫೋನ್ ಹೋಗುವ ಜಾಗ ದೇವಸ್ಥಾನದ ಮೆಟ್ಟಿಲು, ನಡೆದರೆ ಆರು ನಿಮಿಷ. ಜೀಪು ಅಲ್ಲೇ ನಿಲ್ಲುತ್ತದೆ, ಮುಖ ರಸ್ತೆ ಕಡೆಗೆ.

ಕಳೆದ ಮಳೆಗಾಲದಲ್ಲಿ ದಡ ಕುಸಿದು ಹಳೇ ಮಡು ಅರ್ಧ ತುಂಬಿದೆ ಅಂತ ಅಜ್ಜ ಹೇಳಿ ಕಳಿಸಿದ್ದಾರೆ. ಹಾಗಾದರೆ ಹೊಸದು ಇನ್ನೆಲ್ಲೋ ಆಗಿರುತ್ತದೆ. ಭಾನುವಾರ ಗಳ ಹಿಡಿದುಕೊಂಡು ಹೋಗಬೇಕು.